ಖಂಡಪ್ಪನ ತೊಡೆಯ ಗಂಟು

ನನ್ನ ತೊಡೆಯ ಮೇಲೆ ಎದ್ದ ಗಂಟು ಎಷ್ಟು ದೊಡ್ಡದಿತ್ತೆಂದರೆ, ಅದರ ನೆರಳಿನಲ್ಲಿ ನಮ್ಮೂರು ಬೋರಾಮಣಿಯ ಕುರಿಗಳೆಲ್ಲ ಮಧ್ಯಾಹ್ನ ಮಲಗುತ್ತಿದ್ದವು. ನೋವಿಗೆ ನಾನು ಕೂಗಿದರೆ ಅಕ್ಕಲಕೋಟೆ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುತ್ತಿತ್ತು. ಈ ಖಂಡಪ್ಪ ಸುಳ್ಳು ಹೇಳುವವನಲ್ಲ, ಮುಂದೆ ಕೇಳಿ.

ಕುರಿಗೆ ಬಾವು ಬಂದರೆ ನಾವು ಕುಡುಗೋಲು ಕಾಯಿಸಿ ಬರೆ ಹಾಕುತ್ತೇವೆ. ನನಗೂ ಅದೇ ಸಾಕೆಂದು ಒಂದು ದಿನ ಕುಡುಗೋಲನ್ನು ಒಲೆಗಿಟ್ಟೆ. ಹೆಂಡತಿ ಸೋಮವ್ವನಿಗೆ ಗಂಟಿನ ವಿಷಯ ತಿಳಿದದ್ದೇ ಆವಾಗ. ಕುಡುಗೋಲನ್ನು ಕಿತ್ತು ನೀರಿಗೆ ಅದ್ದಿದಳು. ಮರುದಿನ ನನ್ನನ್ನು ಸೋಲಾಪುರದ ಕಲ್ಯಾಣಪ್ಪ ಡಾಕ್ಟರರ ಮುಂದೆ ಕೂರಿಸಿದಳು.

ಡಾಕ್ಟರರು ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮಾಂಸದಲ್ಲಿ ಹುಟ್ಟಿದ ಕ್ಯಾನ್ಸರ್ ಎಂದು ಬಂತು. ಇಂಥದಕ್ಕೆ ಕಾಲನ್ನೇ ತೆಗೆಯುವುದು ರೂಢಿ ಎಂದರು. ಕಾಲು ಹೋದರೆ ಕುರಿಯ ಹಿಂದೆ ನಡೆಯುವವರು ಯಾರು? ಆದರೆ ಮುಂಬಯಿಯಲ್ಲಿ ಮೊದಲು ಕೆಲವು ವಾರ ಕೋಬಾಲ್ಟ್ ಯಂತ್ರದ ಕಿರಣ ಕೊಟ್ಟು, ಆಮೇಲೆ ಗಂಟಷ್ಟೇ ತೆಗೆದು ಕಾಲು ಉಳಿಸಲು ನೋಡುತ್ತಾರಂತೆ. ಎಲ್ಲರಿಗೂ ಆಗುವುದಿಲ್ಲ, ನನಗೆ ಆಗಬಹುದಂತೆ.

ನನಗೆ ಒಂದೇ ಸಂಶಯ. "ಹೆಂಗೂ ಕೊಯ್ಯಾವ್ರೇ ಇದ್ದೀರಿ. ಮೊದಲ ಕಿರಣ ಯಾಕ್ರಿ ಸಾಹೇಬ್ರ? ಇವತ್ತ ಕೊಯ್ದು ಬಿಡ್ರಿ, ಸಂಜಿ ಬಸ್ಸಿಗೆ ಹೋಗ್ತೀನಿ."

"ಗಂಟಿನ ಸುತ್ತ ಕಣ್ಣಿಗೆ ಕಾಣದ ಬೇರು ಇರ್ತಾವ, ಖಂಡಪ್ಪ. ಕಿರಣ ಮೊದಲ ಅವನ್ನ ಸಾಯಿಸ್ತದ."

ನಾನಿನ್ನೂ ತಲೆ ಕೆರೆಯುತ್ತಿದ್ದೆ. ಸೋಮವ್ವ ನನ್ನ ಕಡೆ ತಿರುಗಿದಳು.

"ತುಪ್ಪಳ ಕತ್ತರಿಸೂ ಮೊದಲ ಕುರಿ ಹಳ್ಳದಾಗ ಯಾಕ ತೊಳೀತೀರಿ?"

"ಹೊಲಸು ಇದ್ರ ಕತ್ತರಿ ಚರ್ಮಕ್ಕ ಹೋಗ್ತದ."

"ಸಾಹೇಬ್ರೂ ತೊಳದ ಕತ್ತರಿಸ್ತೀನಿ ಅನ್ನಾಕತ್ತಾರ. ಕುರಿಯಾದ್ರ ಸುಮ್ಮ ನಿಂದರ್ತದ."

ಡಾಕ್ಟರರು ನಕ್ಕರು. ನಾನು ಮುಂಬಯಿ ಗಾಡಿ ಹತ್ತಿದೆ.

ಅಲ್ಲಿ, ನಾವು ಕುರಿಗೆ ಗುರುತು ಹಾಕುವ ಹಾಗೆ, ನನ್ನ ತೊಡೆಯ ಮೇಲೆ ಬಣ್ಣದ ಗೆರೆ ಎಳೆದರು. ಅಳಿಸಬಾರದು, ಎಣ್ಣೆ, ದೇವರ ಭಂಡಾರದ ಅರಿಶಿನ ಹಚ್ಚಬಾರದು ಎಂದರು. ಯಂತ್ರ ಮೈ ಮುಟ್ಟಲೇ ಇಲ್ಲ. ಬಿಸಿಯೂ ಇಲ್ಲ, ಬೆಳಕೂ ಇಲ್ಲ. ಕಿರಣ ಎಲ್ಲಿಂದ ಬರುತ್ತದೆಂದು ದಿನಾ ಬಗ್ಗಿ ನೋಡಲು ಹೋಗಿ ನರ್ಸಬಾಯಿಯಿಂದ ಬೈಸಿಕೊಂಡೆ. ಚರ್ಮ ಕಪ್ಪಾಗಿ ಉರಿಯಿತು. ಅದು ಆರಿದ ಮೇಲೆ ಗಂಟು ತೆಗೆದರು. ಗಾಯ ಮಾಯಲು ತಡವಾಯಿತು, ಮೊಣಕಾಲು ಇನ್ನೂ ತುಸು ಬಿಗಿ. ಆದರೆ ಕುರಿಯ ಹಿಂದೆ ನಡೆಯುತ್ತಿರುವುದು ನನ್ನದೇ ಕಾಲು.

ಮೊನ್ನೆ ಊರವರ ಮುಂದೆ ಇದನ್ನೆಲ್ಲ ಹೇಳುತ್ತ, ನನ್ನ ಕೂಗಿಗೆ ರೈಲು ನಿಂತ ಮಾತಿಗೆ ಬಂದಿದ್ದೆ. ಸೋಮವ್ವ ನಡುವೆ ಬಾಯಿ ಹಾಕಿದಳು.

"ಯಾವ ನೋವುರಿ? ನೋವಿದ್ರ ವರ್ಷಗಟ್ಲೆ ಧೋತರದಾಗ ಮುಚ್ಚಿಕೊಂಡು ತಿರಗತಿದ್ರೇನು?"

ಸಿಕ್ಕಿಬಿದ್ದೆ. ನಿಜ ಹೇಳುತ್ತೇನೆ. ಗಂಟು ಮೋಸಂಬಿಯಷ್ಟಿತ್ತು, ಅಷ್ಟೇ. ಒಂದು ದಿನವೂ ನೋಯಲಿಲ್ಲ. ನೋಯಲಿಲ್ಲವೆಂದೇ ಬಿಟ್ಟಿದ್ದೆ, ಅದು ಸದ್ದಿಲ್ಲದೆ ಬೆಳೆಯುತ್ತಿತ್ತು. ನಿಮ್ಮ ಕೈಯಲ್ಲೋ ಕಾಲಲ್ಲೋ ಗಂಟು ಬೆಳೆಯುತ್ತಿದ್ದರೆ ಬರೆ ಹಾಕಬೇಡಿ, ನೋಯಲೆಂದು ಕಾಯಬೇಡಿ. ಈ ವಾರದ ಸಂತೆಗೆ ಹೋಗುವ ಬಸ್ಸಿನಲ್ಲೇ ದವಾಖಾನೆಗೂ ಹೋಗಿ ತೋರಿಸಿ.