ಬಡೇಸಾಬರು ಹಾಕಿದ ನೀರು

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಮೂವತ್ತೆಂಟು ವರ್ಷಗಳಿಂದ ಗ್ಯಾರೇಜು ನಡೆಸುತ್ತಿರುವ ಬಡೇಸಾಬರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಇಂಜಿನ್ನಿನ ವಿಷಯದಲ್ಲಂತೂ ಅವರಿಗೆ ಎದುರಾಡಿ ಗೆದ್ದವರಿಲ್ಲ. ಯಾರನ್ನೂ ಸುಲಭಕ್ಕೆ ಹೊಗಳುವವರೂ ಅಲ್ಲ. ಅಂಥವರು ಈಗೊಂದು ವಾರದಿಂದ ಟೀ ಕುಡಿಯಲು ಬಂದವರನ್ನೂ ಬಿಡದೆ ಕೂರಿಸಿಕೊಂಡು ಗಂಗಲಕ್ಷ್ಮಿಯ ಗುಣಗಾನ ಮಾಡುತ್ತಿದ್ದರು.

ಗಂಗಲಕ್ಷ್ಮಿ ದೇವಸಮುದ್ರದ ಕಡೆಯ ಗೊಲ್ಲರಹಟ್ಟಿಯವಳು. ವಯಸ್ಸು ಮೂವತ್ತಾರು. ಕುದಾಪುರದ ಕ್ಯಾಂಪಸ್ಸೊಂದಕ್ಕೆ ಸಿಬ್ಬಂದಿಯನ್ನು ಕರೆದೊಯ್ಯುವ ಟೆಂಪೋ ಓಡಿಸುತ್ತಾಳೆ. ಅದರ ರಿಪೇರಿಗೆಲ್ಲ ಬಡೇಸಾಬರ ಗ್ಯಾರೇಜೇ. ಹದಿನೈದು ವರ್ಷ ಹಳೆಯ ಬಿಳಿ ಕಾರೊಂದನ್ನು ಕೊಂಡು, ಒಬ್ಬಳೇ ಲಡಾಖ್‌ವರೆಗೆ ಹೋಗಿ ಬರುತ್ತೇನೆಂದಾಗ ಹಟ್ಟಿಯವರೆಲ್ಲ ನಕ್ಕರು. ಅವಳೂ ನಕ್ಕಳು.

"ನಮ್ಮಪ್ಪ ಕುರಿ ಹಿಂದೆ ಕೃಷ್ಣಾ ನದಿ ತಂಕ ನಡ್ಕಂಡು ಹೋಗ್ತಿದ್ದ. ಯಾಕೆ ಹೋಗ್ತೀಯಾ ಅಂತ ಒಬ್ರಾದ್ರೂ ಕೇಳಿದ್ರಾ? ನಂಗೆ ನಾಲ್ಕು ಚಕ್ರ ಐತೆ, ಇನ್ನೊಂಚೂರು ಮುಂದಕ್ಕೆ ಹೋಗ್ತೀನಿ."

ಅವಳ ತಾಯಿ ಬೊಮ್ಮಕ್ಕ ಮಾತ್ರ ನಗಲಿಲ್ಲ. ಬಸ್ಸು ಹತ್ತಿ ನೇರ ಗ್ಯಾರೇಜಿಗೆ ಬಂದು, "ಸಾಬ್ರೇ, ನಿಮ್ಮ ಮಾತು ಅಂದ್ರೆ ಅವ್ಳಿಗೆ ವೇದ. ನೀವು ಬ್ಯಾಡ ಅಂದ್ರೆ ನಿಲ್ತಾಳೆ, ಹೂಂ ಅಂದ್ರೆ ನಾನೂ ಹೂಂ ಅಂತೀನಿ" ಎಂದಳು. ಬಡೇಸಾಬರು ರಿಪೇರಿಗೆ ನಿಂತಿದ್ದ ಆ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಊರಿ, "ಹೋಗ್ಲಿ ಬಿಡು ತಾಯಿ. ಗಾಡಿ ನನ್ನ ಜವಾಬ್ದಾರಿ, ಎಲ್ಲೂ ಕೈ ಕೊಡಲ್ಲ" ಎಂದು ಮಾತು ಕೊಟ್ಟರು. ನಾಲ್ಕು ದಿನ ಕೂತು ಬ್ರೇಕು, ಬೆಲ್ಟು, ಬೇರಿಂಗು ಎಲ್ಲ ತಾವೇ ಬದಲಿಸಿದರು. ಕೊನೆಗೆ ಎಂದಿನಂತೆ ರೇಡಿಯೇಟರಿಗೆ ಬೋರ್‌ವೆಲ್ ನೀರು ತುಂಬಿದರು. ರೇಡಿಯೇಟರಿಗೆಂದೇ ಡಬ್ಬದಲ್ಲಿ ಮಾರುವ ಹಸಿರು ಕೂಲೆಂಟು ಅವರಿಗೆ ಆಗಿಬರುತ್ತಿರಲಿಲ್ಲ. ಬಣ್ಣದ ನೀರಿಗೆ ದುಡ್ಡು ಕೊಡುವವನು ಬುದ್ಧಿಗೆಟ್ಟವನು, ನಮ್ಮ ಬಿಸಿಲಿಗೆ ಸಾದಾ ನೀರೇ ಸಾಕು ಎಂಬುದು ಅವರ ಸಿದ್ಧಾಂತ. ಚಳ್ಳಕೆರೆಯ ಬಿಸಿಲಲ್ಲಿ ಅದು ಮೂವತ್ತೆಂಟು ವರ್ಷ ನಡೆದೂ ಇತ್ತು.

ಹೈದರಾಬಾದು, ನಾಗಪುರ, ಝಾನ್ಸಿ ಎಂದು ದಿನಕ್ಕೊಂದು ಊರಿನಿಂದ ಅವಳ ಫೋನು ಬರುತ್ತಿತ್ತು. "ದಿಲ್ಲಿ ಟ್ರಾಫಿಕ್ನಾಗೆ ಒಂದು ಗೀರು ಬಿದ್ದಿಲ್ಲ ಕಣ್ರಯ್ಯಾ!" ಎಂದು ಬಡೇಸಾಬರು ತಾವೇ ಓಡಿಸಿದವರಂತೆ ಬೀಗುತ್ತಿದ್ದರು. ಎಂಟನೆಯ ದಿನ ಮನಾಲಿ ದಾಟಿ, ಬೆಟ್ಟದ ಮೇಲಿನ ಕೇಲಾಂಗಿನ ಆಚೆ ಹೊರಟಿದ್ದೇನೆ ಎಂದಳು. ಆ ಮಧ್ಯಾಹ್ನವೇ ಲಾರಿ ಓಡಿಸುವ ಮುಬಷೀರ್ ಗ್ಯಾರೇಜಿಗೆ ಬಂದ. ಹಿಂದೆ ನಾಲ್ಕು ವರ್ಷ ಕಾಶ್ಮೀರದಿಂದ ಸೇಬು ಹೊತ್ತು ತಂದವನು. ಗಂಗಲಕ್ಷ್ಮಿಯ ಕಥೆಯನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳಿ, ಕೊನೆಗೊಂದೇ ಪ್ರಶ್ನೆ ಕೇಳಿದ.

"ರೇಡಿಯೇಟರಿಗೆ ಏನು ಹಾಕಿದ್ರಿ ಚಾಚಾ?"

"ನೀರು. ಇನ್ನೇನು ಹಾಕ್ತಾರೆ?"

"ಸಾದಾ ನೀರಾ? ಈ ಅಕ್ಟೋಬರ್ನಾಗೆ ಅಲ್ಲಿ ರಾತ್ರಿ ನೀರು ಕಲ್ಲಾಗ್ತೈತೆ ಚಾಚಾ. ಇಂಜಿನ್ನೇ ಸೀಳಿ ಹೋಗ್ತೈತೆ. ಕೂಲೆಂಟಾದ್ರೆ ಹೆಪ್ಪು ಕಟ್ಟಲ್ಲ."

ಬಡೇಸಾಬರು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು ಫೋನು ಹಚ್ಚಿದರು. ಹತ್ತಲಿಲ್ಲ. ಇಪ್ಪತ್ತು ಸಲ ಹಚ್ಚಿದರೂ ಹತ್ತಲಿಲ್ಲ. ಕೊನೆಗೆ ಮುಬಷೀರನ ಕೈಲಿ ವಾಟ್ಸಾಪು ತೆಗೆಸಿ, "ಬೇಟಿ, ನೀರು ಇಳಿಸು, ತಪ್ಪು ನಂದು" ಎಂದು ದನಿ ಕಳಿಸಿದರು. ಅದೂ ತಲುಪಲಿಲ್ಲ. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ. ಒಂಟಿ ಹೆಣ್ಣುಮಗಳು, ಬೆಟ್ಟದ ನೆತ್ತಿ, ಸತ್ತ ಗಾಡಿ. ಕೊಂದವನು ತಾನು!

ಮರುದಿನ ಬೆಳಿಗ್ಗೆ ಬೊಮ್ಮಕ್ಕ ಮೊದಲ ಬಸ್ಸಿಗೇ ಬಂದು ಗ್ಯಾರೇಜಿನ ಬೆಂಚಿನ ಮೇಲೆ ಕೂತಳು. "ರಾತ್ರಿ ಫೋನ್ ಬರ್ಲಿಲ್ಲ ಸಾಬ್ರೇ" ಎಂದಳು, ಅಷ್ಟೇ. ಅವಳ ಮುಖ ನೋಡಿ ಹೇಳುವ ಧೈರ್ಯ ಬಡೇಸಾಬರಿಗೆ ಬರಲಿಲ್ಲ. ಟೀ ತರಿಸಿಕೊಟ್ಟರು.

ಹನ್ನೊಂದರ ಹೊತ್ತಿಗೆ ಬಡೇಸಾಬರ ಫೋನು ಬಡಿದುಕೊಂಡಿತು. ಸುದ್ದಿ ತಿಳಿಯಲು ಬಂದಿದ್ದ ಮುಬಷೀರ್, ಬೊಮ್ಮಕ್ಕನಿಗೂ ಕೇಳಲೆಂದು ಸ್ಪೀಕರು ಹಾಕಿದ.

"ಸಾಬ್ರೇ, ಈಗ ನೆಟ್‌ವರ್ಕ್ ಬಂತು. ನೀವೇನೋ ಕಳಿಸೀರಿ, ಇನ್ನೂ ಕೇಳಿಲ್ಲ. ಅದ್ಕೂ ಮುಂಚೆ ನಾನೊಂದು ತಪ್ಪು ಒಪ್ಕಂಬೇಕು. ಬೈಬ್ಯಾಡಿ" ಎಂದಳು ಗಂಗಲಕ್ಷ್ಮಿ. "ಸಂಜೆ ಒಂದು ಹಳ್ಯಾಗೆ ಒಬ್ರ ಮನ್ಯಾಗೆ ಇಳ್ಕಂಡೆ. ನಮ್ಮೋರು ಹೊಸ ಜಾಗದಾಗೆ ಗಂಟು ಇಳಿಸೋಕೆ ಮುಂಚೆ ಕುರಿ ಕುಡಿಯೋ ನೀರು ನೋಡ್ತಾರಲ್ಲ, ನಂಗೂ ಅದೇ ಚಾಳಿ. ಕುರಿ ತೊಟ್ಟಿ ನೋಡಿದ್ರೆ ಅಂಚಿನಾಗೆ ನೀರು ಹೆಪ್ಪು ಕಟ್ಟೈತೆ! ತೊಟ್ಟಿ ನೀರೇ ಹಿಂಗಾದ್ರೆ ಗಾಡಿ ಹೊಟ್ಟ್ಯಾಗಿನ ನೀರಿನ ಗತಿ ಏನು ಅನ್ನಿಸ್ತು. ನೀವು ಕೆಳಗಿನ ಪೈಪು ಬಿಚ್ಚೋದು ನೋಡಿದ್ನಲ್ಲ, ಹಂಗೇ ಬಿಚ್ಚಿ ನೀರೆಲ್ಲ ಇಳಿಸಿಬಿಟ್ಟೆ. ಬೆಳಿಗ್ಗೆ ಆ ಮನೆಯೋರು ಹಸಿರು ನೀರಿನ ಡಬ್ಬ ಕೊಟ್ರು, ಅದ್ನೇ ಹಾಕ್ದೆ. ನಿಮ್ಗೆ ಬಣ್ಣದ ನೀರು ಆಗಲ್ಲ ಅಂತ ಗೊತ್ತು. ನಿಮ್ಮನ್ನ ಒಂದ್ಮಾತು ಕೇಳಾನ ಅಂದ್ರೆ ಫೋನು ಹತ್ಲಿಲ್ಲ. ತಪ್ಪಾಯ್ತಾ?"

ಗ್ಯಾರೇಜಿನಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಬೊಮ್ಮಕ್ಕನಿದ್ದಳು. 'ಪರವಾಗಿಲ್ಲ, ಆ ದನಿ ಅಳಿಸಿಬಿಡು' ಎಂದಿದ್ದರೆ ಮಾನ ಉಳಿಯುತ್ತಿತ್ತು, ಆದರೆ ಗಂಗಲಕ್ಷ್ಮಿ ಜೀವಮಾನವಿಡೀ ಸಾಬರ ಮಾತು ಮೀರಿದೆನಲ್ಲ ಎಂದುಕೊಂಡೇ ಇರುತ್ತಿದ್ದಳು. ಬಡೇಸಾಬರು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು.

"ತಪ್ಪು ನಂದು ಗಂಗವ್ವಾ. ಆ ನೀರು ಹಂಗೇ ಇದ್ದಿದ್ರೆ ಇಂಜಿನ್ನು ಸೀಳಿ ಹೋಗ್ತಿತ್ತು. ನಂಗೆ ಗೊತ್ತಿರ್ಲಿಲ್ಲ. ಮೂವತ್ತೆಂಟು ವರ್ಷದ ಮೇಸ್ತ್ರಿಗೆ ಗೊತ್ತಿರ್ಲಿಲ್ಲ, ನಿಂಗೆ ಹೊಳೀತು."

ಆ ಕಡೆಯಿಂದ ಗಂಗಲಕ್ಷ್ಮಿ ಮೆಲ್ಲಗೆ, "ಹಂಗಾದ್ರೆ ಮುಂದಕ್ಕೆ ಹೋಗ್ಲಾ ಸಾಬ್ರೇ?" ಎಂದು ಕೇಳಿದಳು.

ಬಡೇಸಾಬರು ಬಾಯಿ ತೆರೆಯುವ ಮೊದಲೇ ಬೊಮ್ಮಕ್ಕ ಬೆಂಚಿನಿಂದ ಎದ್ದು ಬಂದು ಫೋನು ಕಿತ್ತುಕೊಂಡಳು.

"ಇನ್ನ ಯಾರನ್ನೂ ಕೇಳಬ್ಯಾಡ ಕಣೇ. ಉಂಡ್ಯಾ?"

"ಉಂಡೆ ಕಣವ್ವ."

"ಉಂಡಿದ್ರೆ ಹೊರಡು ಮತ್ತೆ."

ಫೋನಿನಲ್ಲಿ ಮೊದಲು ನಗು ಕೇಳಿತು, ಆಮೇಲೆ ಇಂಜಿನ್ ಶುರುವಾದ ಸದ್ದು. ಬಡೇಸಾಬರು ಕಣ್ಣು ಮುಚ್ಚಿ ಕಿವಿಗೊಟ್ಟರು. ಹುಡುಕಿದರೂ ಅದರಲ್ಲೊಂದು ಕುಂದು ಸಿಗಲಿಲ್ಲ.