ಅಳಿಯಂದಿರ ವಾಚು

ಊಟಕ್ಕೆ ಕೈ ತೊಳೆಯಲು ಹೋದ ಪುಟ್ಟಮಲ್ಲಪ್ಪ ವಾಚು ಬಿಚ್ಚಿ ಕಿಟಕಿಯಲ್ಲಿಟ್ಟಿದ್ದ. ಅದರ ಕೀ ಕೊಡುವ ಗುಂಡಿ ಸ್ಟೀಲಿನದು. ಮಂಗಳಗೌರಿ ಬಗ್ಗಿ ನೋಡಿದಳು.

ಗಂಡ ಮೃತ್ಯುಂಜಯ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಪೂಜೆಯ ಮಾತಾಡಲೆಂದೇ ಅಕ್ಕನ ಗಂಡ ಪುಟ್ಟಮಲ್ಲಪ್ಪ ಗುಂಡ್ಲುಪೇಟೆಯಿಂದ ಹರವೆಗೆ ಬಂದಿದ್ದ. ಅವಳು ದೇವರ ಗೂಡಿನಲ್ಲಿದ್ದ ಗಂಡನ ವಾಚನ್ನು ತಂದು ಪಕ್ಕದಲ್ಲಿಟ್ಟಳು.

ಅಕ್ಕತಂಗಿಯರ ಮದುವೆ ಒಂದೇ ಚಪ್ಪರದಲ್ಲಿ ನಡೆದಿತ್ತು. ಅಳಿಯಂದಿರಲ್ಲಿ ಭೇದ ಬೇಡವೆಂದು ಅಪ್ಪ ಇಬ್ಬರಿಗೂ ಒಂದೇ ಥರದ, ಚಿನ್ನದ ಬಣ್ಣದ ಉದ್ದಚೌಕದ ಎಚ್ಎಂಟಿ ಕಟ್ಟಿದ್ದ. ಒಂದೇ ಥರವೆಂದು ಊರೆಲ್ಲ ನಂಬಿತ್ತು. ಈಗ ನೋಡಿದರೆ ಒಂದರಲ್ಲಿ ಹನ್ನೆರಡರ ಜಾಗಕ್ಕೆ ಜೋಡಿಗೀಟು, ಇನ್ನೊಂದರಲ್ಲಿ ಒಂಟಿ. ಒಂದರ ಮೂಲೆ ಚೂಪು, ಇನ್ನೊಂದರದು ಕೊಂಚ ದುಂಡು. ಅಂಗಡಿಯಲ್ಲಿ ಜೋಡಿ ಸಿಗಲಿಲ್ಲವೋ ಏನೋ, ಪುಣ್ಯಾತ್ಮ ಬಾಯಿ ಬಿಟ್ಟಿರಲಿಲ್ಲ.

ಸ್ಟೀಲಿನ ಗುಂಡಿ ಮೃತ್ಯುಂಜಯನದು. ಹಳೆಯದು ಮುರಿದಾಗ ಚಾಮರಾಜನಗರದಲ್ಲಿ ಹಾಕಿಸಿಕೊಂಡು ಬಂದು, ಚಿನ್ನದ ಬಾಯಿಗೆ ತಗಡಿನ ಹಲ್ಲು ಎಂದು ಗೊಣಗಿದ್ದ. ಅದನ್ನೂ ಮರೆತಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ದಿನಾ ಬೆಳಿಗ್ಗೆ ಕೀ ಕೊಟ್ಟು ಕಣ್ಣಿಗೊತ್ತಿಕೊಂಡಿದ್ದು ಭಾವನ ವಾಚನ್ನು. ಮಣ್ಣು ಮಾಡಿದ ದಿನ ಸತ್ತವನ ಕೈಯಿಂದ ಬಿಚ್ಚಿದ್ದನ್ನೂ, ಸ್ನಾನಕ್ಕೆಂದು ಬಿಚ್ಚಿದ ತನ್ನದನ್ನೂ ಭಾವ ಒಂದೇ ಟವೆಲಿನಲ್ಲಿ ಗಂಟು ಕಟ್ಟಿದ್ದ. ಅಲ್ಲೇ ಅದಲುಬದಲಾಗಿರಬೇಕು.

ಪುಟ್ಟಮಲ್ಲಪ್ಪ ಬಂದವನು ಎರಡನ್ನೂ ನೋಡಿ ನಿಂತ.

"ಭಾವ, ಇದು ಅವ್ರುದು."

"ಗೊತ್ತು ಕಣವ್ವ. ಅವತ್ತು ಬಸ್ ಅತ್ದಾಗ್ಲೇ ಗೊತ್ತಾಯ್ತು."

"ಮತ್ಯಾಕೆ ಏಳ್ನಿಲ್ಲ?"

"ಏಳುದ್ರೆ ಕೊಟ್ಬುಡ್ಬೇಕಲ್ಲ." ಅವನು ಒದ್ದೆ ಕೈಯನ್ನು ಪಂಚೆಗೆ ಒರೆಸುತ್ತಲೇ ಇದ್ದ. "ಸಂತೆಗೋದ್ರೂ ಜೊತೇಲೇ, ಮದ್ವೆಗೋದ್ರೂ ಜೊತೇಲೇ ಇದ್ದೋನು. ಇದ್ ಕೈಲಿದ್ರೆ ಒಬ್ನೇ ಅನ್ನುಸ್ತಿರ್ನಿಲ್ಲ."

ಅವಳಿಗೆ ಸಿಟ್ಟು ಬಂತು. ವರ್ಷವಿಡೀ ತನ್ನಿಂದ ಬೇರೆಯವರ ವಾಚಿಗೆ ಕೈಮುಗಿಸಿದ್ದ. ಆದರೆ ಅವನು ಒಣಗಿದ ಕೈಯನ್ನು ಇನ್ನೂ ಒರೆಸುತ್ತಲೇ ಇದ್ದ. ತಟ್ಟೆ ತಂದು ಮುಂದಿಟ್ಟಳು.

"ಉಣ್ಣಿ ಭಾವ, ಮುದ್ದೆ ಆರೋಯ್ತದೆ."

ಅವನು ತಲೆ ಎತ್ತದೆ ಉಂಡ. ಹೊರಡುವಾಗ ಕಿಟಕಿಯ ಬಳಿ ನಿಂತದ್ದು ಅವಳಿಗೆ ತಿಳಿಯಿತು. ಯಾವುದನ್ನು ಬೇಕಾದರೂ ತೆಗೆದುಕೊಳ್ಳಲಿ ಎಂದು ಒಲೆಯ ಕಡೆ ತಿರುಗಿ, ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದಳು.

"ಬತ್ತೀನಿ ಕಣವ್ವ," ಎಂದ.

ಬಸ್ಸಿನ ಸದ್ದು ದೂರವಾದ ಮೇಲೆ ಮಂಗಳಗೌರಿ ಕಿಟಕಿಯ ಹತ್ತಿರ ಬಂದಳು. ಎರಡು ವಾಚೂ ಅಲ್ಲೇ, ಜೊತೆಯಲ್ಲೇ ಇದ್ದವು.