ಮೂರು ಬೋರಿಗೂ ಒಂದೇ ಸರಾಸರಿ

ನನ್ನ ತಂಗಿಯ ಮಗಳು ಪಂಪಾವತಿ ಬಳ್ಳಾರಿಯ ನಮ್ಮ ಮನೆಯಲ್ಲಿದ್ದುಕೊಂಡು ಪಿಎಚ್‌ಡಿ ಮಾಡುತ್ತಿದ್ದಾಳೆ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು ಅವಳ ವಿಷಯ. ಲೆಕ್ಕಕ್ಕೆ ಬಳಸುವುದು ಉಚಿತವಾಗಿ ಸಿಗುವ, ಯಾರು ಬೇಕಾದರೂ ಒಳಗೆ ತೆರೆದು ನೋಡಬಹುದಾದ ಸಾಫ್ಟ್‌ವೇರ್.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವಳಾದ್ದರಿಂದ ಕೋಷ್ಟಕಗಳನ್ನು ಓದಿ ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

“ಪಂಪಾ, ಈ ಊರಾಗ ಮೂರೂ ಬೋರಿಗೆ 1.3 ಹೆಂಗ ಬಂತು?”

“ಒಂದ ನೆಲ, ಒಂದ ನೀರು. ಬಂದೈತಿ ಬಿಡು ದೊಡ್ಡಮ್ಮ.”

“ಅವಳಿ ಮಕ್ಕಳಿಗೂ ತೂಕ ಬ್ಯಾರೆ ಇರ್ತೈತಿ.”

ನಗುತ್ತಲೇ ಲ್ಯಾಪ್‌ಟಾಪ್ ತೆರೆದಳು. ಆಮೇಲೆ ನಗಲಿಲ್ಲ.

ಉಳಿದ ಊರುಗಳಲ್ಲಿ ಮೂರು ಸಲ ನೀರು ಹಿಡಿದಿದ್ದಳು. ಕುರುಗೋಡಿನಾಚೆಯ ಆ ಸಣ್ಣ ಊರಲ್ಲಿ ಎರಡು ಸಲ ಕರೆಂಟ್ ಇಲ್ಲದೆ ಮೋಟರ್ ಓಡದೆ, ಸಿಕ್ಕಿದ್ದು ಒಂದೇ ಸಲದ ಅಂಕಿ. ಕೋಷ್ಟಕದಲ್ಲಿ ಒಂದೊಂದು ಸಲದ ಅಂಕಿಗಳು ಒಂದೊಂದು ಸಾಲು, ಒಂದೊಂದು ಬೋರಿಗೆ ಒಂದೊಂದು ಕಂಬ. ಹಲವು ಸಾಲುಗಳಿದ್ದರೆ ಆ ಸಾಫ್ಟ್‌ವೇರಿನ ಸರಾಸರಿ ತೆಗೆಯುವ ಫಂಕ್ಷನ್ ಮೇಲಿಂದ ಕೆಳಗೆ ಹೋಗಿ ಪ್ರತಿ ಬೋರಿಗೂ ಬೇರೆ ಬೇರೆ ಉತ್ತರ ಕೊಡುತ್ತದೆ. ಒಂದೇ ಸಾಲಿದ್ದರೆ ಅಡ್ಡಕ್ಕೆ ತಿರುಗಿ, ಎಲ್ಲ ಬೋರುಗಳನ್ನೂ ಕೂಡಿಸಿ ಒಂದೇ ಉತ್ತರ ಕೊಡುತ್ತದೆ. ಅದನ್ನೇ ಅವಳ ಪ್ರೋಗ್ರಾಂ ಮೂರೂ ಬೋರಿಗೆ ತುಂಬಿತ್ತು. ನಿಜವಾದ ಅಂಕಿಗಳು, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ, 0.6, 0.7, 2.6. ಕುಡಿಯುವ ನೀರಿನ ಮಿತಿ 1.5; ಮೀರಿದರೆ ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ.

ಆ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಬರೆದಳು. ಯಾವುದೋ ದೇಶದ, ಸಂಬಳವಿಲ್ಲದೆ ಈ ಕೆಲಸ ಮಾಡುವ ಒಬ್ಬರು ಭಾನುವಾರವೇ ಉತ್ತರಿಸಿದರು. ಇದು ಮೊದಲಿನಿಂದಲೂ ಹೀಗೇ, ಬದಲಿಸಿದರೆ ಜಗತ್ತಿನ ಹಳೆಯ ಪ್ರೋಗ್ರಾಂಗಳು ಕೆಡುತ್ತವೆ. ಸರಾಸರಿ ಯಾವ ದಿಕ್ಕಿಗೆ ಎಂದು ನಿಮ್ಮ ಪ್ರೋಗ್ರಾಂನಲ್ಲಿ ನೀವೇ ಹೇಳಿಬಿಡಿ, ಹೀಗೆ, ಎಂದು ತಾಳ್ಮೆಯಿಂದ ವಿವರಿಸಿದ್ದರು. ನಿಮಗಾದ ತೊಂದರೆಗೆ ಕ್ಷಮಿಸಿ ಎಂದೂ ಇತ್ತು.

“ಥೀಸಿಸ್‌ನಾಗ ತಿದ್ದಿದ್ರ ಆತು,” ಎಂದಳು ಪಂಪಾವತಿ. ಲ್ಯಾಪ್‌ಟಾಪ್ ಮುಚ್ಚಿ, “ಆದ್ರ ಕುಡೀರಿ ಅಂತ ಆ ಊರಿನವ್ರಿಗೆ ನಾನ ಹೇಳಿ ಬಂದೀನಿ,” ಎಂದಳು.

ಕುರುಗೋಡಿನ ಬಸ್ಸು ಹತ್ತಿದೆವು, ಅಲ್ಲಿಂದ ಆಟೋ.

2.6 ಬಂದಿದ್ದ ಮೂರನೇ ಬೋರಿನ ಎದುರು ಉಚ್ಚೆಂಗೆಮ್ಮನ ಮನೆ; ಹೊಸಿಲೊಳಗೆ ಅವಳ ಪುಟ್ಟ ಮೊಮ್ಮಗಳು ಆಡುತ್ತಿದ್ದಳು. ಬೋರಿನ ಪೈಪಿಗೆ ಅರಿಶಿನ ಕುಂಕುಮ ಹಚ್ಚಿತ್ತು.

“ಬರ್ರಿ ಮೇಡಂ. ನೀವು ಚೊಲೋ ನೀರು ಅಂದ ಮ್ಯಾಲೆ ಗಂಗಮ್ಮನ ಪೂಜಿ ಮಾಡಿದ್ವಿ. ಫಿಲ್ಟರ್ ನೀರು ತರಾಕ ಹೋಗೋದ ಬಿಟ್ವಿ.”

ಪಂಪಾವತಿ ನಿಂತೇ ಹೇಳಿದಳು, ಪಾಠ ಒಪ್ಪಿಸುವವಳಂತೆ. “ನನ್ನ ಲೆಕ್ಕ ತಪ್ಪಾತು. ಈ ಬೋರಿನ ನೀರು ಕುಡೀಬ್ಯಾಡ್ರಿ. ಕೂಸಿಗಂತೂ ಕೊಡಬ್ಯಾಡ್ರಿ.”

“ಯುಗಾದಿಗೆ ಹೇಳಿದ್ರಿ. ಈಗ ದೀಪಾವಳಿ ಬಂತು,” ಎಂದಳು ಉಚ್ಚೆಂಗೆಮ್ಮ. ಬೈಯಲಿಲ್ಲ. ಮೊಮ್ಮಗಳನ್ನು ಬಿಸಿಲಿಗೆ ತಂದು, ಗದ್ದ ಎತ್ತಿ ಬಾಯಿ ತೆರೆಸಿದಳು. “ಹಲ್ಲು ಬೆಳ್ಳಗ ಅದಾವಲ್ಲ?”

“ಇವು ಹಾಲು ಹಲ್ಲು, ಅಮ್ಮ. ಹಾಳಾಗಿದ್ರ ಮುಂದ ಬರೋ ಹಲ್ಲಿನಾಗ ತಿಳೀತೈತಿ.”

ಅದನ್ನು ಹೇಳದೆ ಬರಬಹುದಿತ್ತು. ಪಂಪಾವತಿ ಹೇಳಿದಳು.

“ಬಾಕಿ ಎರಡು ಬೋರು?”

“ಅವು ಚೊಲೋ ಅದಾವು.”

“ಲೆಕ್ಕ ನೋಡೀರಿ?”

“ಈ ಸಲ ಒಂದೊಂದ ನೋಡೀನಿ.”

ಉಚ್ಚೆಂಗೆಮ್ಮ ಕೊಡದಲ್ಲಿದ್ದ ನೀರನ್ನು ಅಂಗಳಕ್ಕೆ ಚೆಲ್ಲಿ, ಕೇರಿಯ ಆ ತುದಿಯ ಬೋರಿನತ್ತ ನಡೆದಳು. ಪಂಪಾವತಿ ಇನ್ನೊಂದು ಕೊಡ ಎತ್ತಿಕೊಂಡು ಹಿಂದೆ ಹೋದಳು. ಉಚ್ಚೆಂಗೆಮ್ಮ ಬೇಡ ಎನ್ನಲಿಲ್ಲ, ಹೆಜ್ಜೆ ಸ್ವಲ್ಪ ನಿಧಾನ ಮಾಡಿದಳು.